ಗೇಟಿನ ಬಳಿಯ ಖಾಲಿ ಚೌಕ

ನುಸಿಗುಳಿಗೆಯ ವಾಸನೆ ನನಗೆ ಮೊದಲಿನಿಂದಲೂ ಆಗದು. ಕಳೆದ ತಿಂಗಳು, ವಿಜಯವಾಡದ ಈ ಬಾಡಿಗೆ ಮನೆಯಲ್ಲಿ, ಮಂಗಳಗಿರಿಯಿಂದ ತಂದ ನಾಲ್ಕು ಸೀರೆಗಳನ್ನು ಇಡಲು ಜಾಗ ಹುಡುಕುತ್ತ ಅಟ್ಟದ ಮೇಲಿದ್ದ ಹಳೆಯ ಪೆಟ್ಟಿಗೆಯೊಂದನ್ನು ಕೆಳಗಿಳಿಸಿದೆ. ವಿಶಾಖಪಟ್ಟಣದಿಂದ ವರ್ಗವಾಗಿ ಬಂದಾಗ ಕಟ್ಟಿದ್ದ ಪೆಟ್ಟಿಗೆ ಅದು, ನಾಲ್ಕು ವರ್ಷದಿಂದ ಬಿಚ್ಚಿರಲಿಲ್ಲ. ಮುಚ್ಚಳ ತೆಗೆದ ಕೂಡಲೇ ಆ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಬಟ್ಟೆಗಳ ನಡುವೆ ಒಂದು ರಟ್ಟಿನ ಕೊಳವೆ, ಎರಡೂ ತುದಿಗೆ ಬಟ್ಟೆಯ ತುಂಡು ಕಟ್ಟಿದ್ದು. ಕಟ್ಟಿದ ಬಟ್ಟೆ ಇಳಕಲ್ ಸೀರೆಯದು ಎಂದು ಗುರುತಾದಾಗ ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಮೇಲಿನ ಮನೆಯ ಕಾಕಾ...

ನಾನು ವಿಶಾಖಪಟ್ಟಣದ ಎಂವಿಪಿ ಕಾಲೋನಿಗೆ ಬಂದಾಗ ಮೂವತ್ತೆಂಟು ವರ್ಷದ, ಒಂಟಿ, ತಲೆತುಂಬ ಅನುಮಾನವಿದ್ದ ಹೆಂಗಸು. ಬ್ಯಾಂಕಿನ ತಪಾಸಣೆ ವಿಭಾಗ ನನ್ನದು. ಶಾಖೆಯಿಂದ ಶಾಖೆಗೆ ಹೋಗಿ ಕಡತ ತೆರೆದು ತಪ್ಪು ಹುಡುಕುವುದೇ ಕೆಲಸ. ಎಲ್ಲ ಸರಿಯಾಗಿದ್ದರೆ ಇನ್ನೂ ಸರಿಯಾಗಿ ಹುಡುಕಬೇಕು ಎಂದು ನಮಗೆ ಕಲಿಸಿದ್ದರು. ಹಾಸನದ ಕಡೆಯವಳಾದ ನನಗೆ ತೆಲುಗು ಅರೆಬರೆ. ಹಾಗಾಗಿ ಮೇಲಿನ ಮಹಡಿಯ ಬಾಲ್ಕನಿಯಿಂದ ಧಾರವಾಡದ ಕನ್ನಡ ಕೇಳಿಬಂದ ದಿನವೇ ಮೆಟ್ಟಿಲು ಹತ್ತಿದ್ದೆ. ಗಂಡ ಹೆಂಡತಿ ಇಬ್ಬರೇ ಇದ್ದರು. ಗಂಡ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ನಾನು "ಸಾರ್" ಎಂದು ಮಾತು ಶುರುಮಾಡಿದ್ದಕ್ಕೆ ಅವರ ಹೆಂಡತಿ ತಕ್ಷಣ ತಡೆದರು.

"ಸಾರು, ಮೇಡಮ್ಮು ಎಲ್ಲಾ ನಿಮ್ಮ ಆಫೀಸಿನ್ಯಾಗ. ಇಲ್ಲಿ ಕಾಕಾ, ಕಾಕೂ ಅನ್ನು."

ಅಂದಿನಿಂದ ಹಾಗೆಯೇ ಕರೆದೆ. ಸಂಜೆಯ ಚಹಾ ಬಹುಪಾಲು ಮೇಲಿನ ಮನೆಯಲ್ಲೇ ಆಗುತ್ತಿತ್ತು. ಭಾನುವಾರ ಬೆಳಗಿನ ಹೊತ್ತು ಮಾತ್ರ ಕಾಕಾ ಮನೆಯಲ್ಲಿ ಇರುತ್ತಿರಲಿಲ್ಲ.

ಊರಿಗೆ ಅಂಟಿಕೊಂಡೇ ಇರುವ ಕಂಬಾಲಕೊಂಡದ ಅಭಯಾರಣ್ಯಕ್ಕೆ ಅವರು ಹೋಗುತ್ತಿದ್ದರು. ಎಲ್ಲರೂ ಹೋಗುವಂತೆ ಗೇಟಿನ ಹತ್ತಿರ ಅಡ್ಡಾಡಿ, ಫೋಟೊ ತೆಗೆದುಕೊಂಡು ಬರುವುದಲ್ಲ. ಇಡೀ ಕಾಡಿನ ನಕಾಶೆ ಬರೆದು, ಅದರ ಮೇಲೆ ಅಡ್ಡ, ಉದ್ದ ಗೆರೆ ಎಳೆದು ಚೌಕ ಮಾಡಿದ್ದರು. ಒಂದು ಭಾನುವಾರಕ್ಕೆ ಒಂದು ಚೌಕ. ಆ ಚೌಕದೊಳಗೆ ಕಾಲಿಟ್ಟು ಒಂದಿಷ್ಟು ಹೊತ್ತು ಇದ್ದು ಬಂದರೆ ಅದು ಮುಗಿದಂತೆ. ಬೆಟ್ಟದ ನೆತ್ತಿಯಿರಲಿ, ಮುಳ್ಳಿನ ಪೊದೆಯಿರಲಿ, ಒಂದನ್ನೂ ಬಿಡುವಂತಿಲ್ಲ. ಅರಣ್ಯ ಇಲಾಖೆಗೆ ಅಲೆದು ಅನುಮತಿ ಪತ್ರ ತಂದಿದ್ದರು. ಜೊತೆಗೆ ಒಬ್ಬ ಕಾವಲುಗಾರ ಇರಲೇಬೇಕೆಂಬ ಷರತ್ತು. ಚೌಕಾಬಾರದ ಹಲಗೆಯ ಹಾಗೆ ಅವರು ಪ್ರತಿ ಚೌಕವನ್ನೂ 'ಮನಿ' ಎನ್ನುತ್ತಿದ್ದರು. ಒಟ್ಟು ಎಂಬತ್ತಾರು ಮನೆ.

ಯಾಕೆ ಎಂದು ಕೇಳಿದ್ದೆ. ಕಾರಣವಿಲ್ಲದೆ ಯಾರೂ ಏನನ್ನೂ ಮಾಡುವುದಿಲ್ಲ ಎಂಬುದು ನನ್ನ ವೃತ್ತಿಯ ನಂಬಿಕೆ. ಕಾಕಾ ಹೇಳಿದ್ದು ಇಷ್ಟು. ಕಾರ್ಖಾನೆಯಲ್ಲಿ ದೊಡ್ಡ ಟ್ಯಾಂಕು ಎಲ್ಲಿ ತೆಳುವಾಗಿದೆ ಎಂದು ನೋಡಬೇಕಾದರೆ ಅದರ ಮೈತುಂಬ ಸೀಮೆಸುಣ್ಣದಲ್ಲಿ ಚೌಕ ಬರೆದು ಒಂದೊಂದು ಚೌಕದ ದಪ್ಪವನ್ನೂ ಅಳೆಯುತ್ತಾರಂತೆ. ಮೂವತ್ತು ವರ್ಷ ಅದನ್ನೇ ಮಾಡಿದವರಿಗೆ, ಊರ ಪಕ್ಕದಲ್ಲೇ ಅಷ್ಟು ದೊಡ್ಡ ಕಾಡಿದ್ದರೂ ತಾನು ನೋಡಿದ್ದು ಗೇಟು ಮಾತ್ರ ಎನ್ನುವುದು ನಿವೃತ್ತಿಯಾದ ಮೇಲೆ ಒಂದು ದಿನ ಹೊಳೆದು ನಾಚಿಕೆಯಾಯಿತಂತೆ. ಅಷ್ಟೇ ಕಾರಣ. ನನಗೆ ಈ ಕಾರಣ ಒಪ್ಪಿಗೆಯಾಗಲಿಲ್ಲ. ತೀರಾ ಚಿಕ್ಕದಾಯಿತು ಎನಿಸಿತು.

ನನ್ನ ಕೆಲಸದ ಬಗ್ಗೆ ಅವರಿಗೆ ಬಲು ತಮಾಷೆ. ನಾವು ಎಲ್ಲ ಕಡತಗಳನ್ನು ನೋಡುವುದಿಲ್ಲ, ಅಲ್ಲೊಂದು ಇಲ್ಲೊಂದು ಆರಿಸಿ ನೋಡುತ್ತೇವೆ ಎಂದಾಗ ಚಹಾದ ಬಟ್ಟಲು ಕೆಳಗಿಟ್ಟುಬಿಟ್ಟಿದ್ದರು.

"ನೂರರಾಗ ಹತ್ತು ನೋಡಿ ಉಳದದ್ದು ನಂಬಿಬಿಡ್ತೀರೇನು?"

"ನಂಬಲ್ಲ ಕಾಕಾ. ಉಳಿದಿದ್ದರ ಮೇಲೆ ಅನುಮಾನ ಇಟ್ಕೋತೀವಿ."

"ಅಂದ್ರ ನೋಡೂದು ಹತ್ತು, ಅನುಮಾನ ತೊಂಬತ್ತು. ಭಾಳ ಛಲೋ ಅದ ನಿಮ್ಮ ನೌಕರಿ!"

ನಾನೂ ಬಿಡಲಿಲ್ಲ. ನಮ್ಮಲ್ಲಿ ಬಾಯಿಮಾತಿನ ಉತ್ತರ ನಡೆಯುವುದಿಲ್ಲ, ಒಂದೊಂದು ಆಕ್ಷೇಪಣೆಯೂ ಒಂದೊಂದು ಪ್ಯಾರಾ, ಪ್ರತಿ ಪ್ಯಾರಾಕ್ಕೂ ಬರಹದಲ್ಲೇ ಉತ್ತರ ಬರಬೇಕು, ಅದು ಒಪ್ಪಿಗೆಯಾದರೆ ಮಾತ್ರ ನಾವು ಪ್ಯಾರಾ ಮುಚ್ಚುತ್ತೇವೆ ಎಂದು ಜಂಬ ಕೊಚ್ಚಿಕೊಂಡೆ. ಕಾಕಾ ತಲೆಯಾಡಿಸಿದರು. ಕಾರ್ಖಾನೆಯಲ್ಲಿ ಅಂಥ ಉತ್ತರಗಳನ್ನು ಬರೆದೂ ಬರೆದೂ ತಮ್ಮ ಕೈಬರಹ ಕೆಟ್ಟಿತು ಎಂದರು.

ಒಮ್ಮೆ ನನ್ನನ್ನೂ ಕಾಡಿಗೆ ಕರೆದಿದ್ದರು. ನನಗೆ ಚಿಕ್ಕಂದಿನಿಂದ ಉಬ್ಬಸ. ಎರಡು ಮಹಡಿ ಹತ್ತಿದರೆ ಎದೆ ಕುಯ್ಯೆನ್ನುತ್ತದೆ. ಗುಡ್ಡ ಹತ್ತಲು ಆಗದು ಎಂದೆ. ನಿಜ ಹೇಳಬೇಕೆಂದರೆ ಭಾನುವಾರದ ನಿದ್ದೆ ಬಿಡಲೂ ಮನಸ್ಸಿರಲಿಲ್ಲ.

"ಪರವಾಲೇದು ತಂಗೀ," ಎಂದರು ಕಾಕಾ. ಅಷ್ಟು ವರ್ಷ ಇಲ್ಲಿದ್ದು ಅವರ ಮಾತಿನೊಳಗೆ ತೆಲುಗು ಹೀಗೆ ಸುಮ್ಮನೆ ನುಸುಳುತ್ತಿತ್ತು. "ಏರು ಇಲ್ಲದ್ದೊಂದು ಮನಿ ನಿನಗಂತ ತಗದಿಟ್ಟಿರ್ತೀನಿ."

ದೊಡ್ಡವರ ಉಪಚಾರದ ಮಾತು ಎಂದುಕೊಂಡು ನಕ್ಕು ಕೆಳಗಿಳಿದು ಬಂದೆ. ಆ ಮಾತನ್ನು ಮನೆ ಸೇರುವಷ್ಟರಲ್ಲಿ ಮರೆತೂ ಇದ್ದೆ.

ಅನುಮಾನ ಯಾವಾಗ ಶುರುವಾಯಿತು ಎಂದು ಈಗ ಖಚಿತವಾಗಿ ಹೇಳಲಾರೆ... ಬಹುಶಃ ಚಪ್ಪಲಿಯಿಂದ. ಒಂದು ಭಾನುವಾರ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲು ಬಾಗಿಲು ತೆರೆದಾಗ ಕಾಕಾ ಮೆಟ್ಟಿಲಿಳಿಯುತ್ತಿದ್ದರು. ಕಾಲಲ್ಲಿ ಸಾದಾ ಚಪ್ಪಲಿ. ಮಧ್ಯಾಹ್ನ ಮರಳಿ ಬಂದಾಗಲೂ ಅದೇ ಚಪ್ಪಲಿ, ಒಂದು ಚೂರು ಮಣ್ಣಿಲ್ಲ. ಮಳೆಗಾಲ ಅದು. ನಮ್ಮ ಬೀದಿ ದಾಟಿ ತರಕಾರಿ ತರಲು ಹೋದರೆ ನನ್ನ ಸೀರೆಯ ಅಂಚೇ ಕೆಸರಾಗುತ್ತಿತ್ತು. ಮುಂದಿನ ಭಾನುವಾರವೂ ನೋಡಿದೆ. ಅದರ ಮುಂದಿನ ಭಾನುವಾರ ನೋಡುವುದಕ್ಕೆಂದೇ ಎದ್ದೆ. ಕಾಡಿನ ನಡಿಗೆಗೆ ಬಿಡದಿದ್ದ ನಿದ್ದೆಯನ್ನು ಇದಕ್ಕೆ ಬಿಟ್ಟೆನಲ್ಲ ಎಂದು ಆಗ ನಾಚಿಕೆಯಾಗಲಿಲ್ಲ.

ಆಮೇಲೆ ಆರಿಲೋವದ ಸಂಗತಿ. ಒಂದು ಭಾನುವಾರ ಸಿಂಹಾಚಲದ ದೇವಸ್ಥಾನಕ್ಕೆ ಹೋಗಿದ್ದವಳು ಆಟೋದಲ್ಲಿ ವಾಪಸು ಬರುತ್ತಿದ್ದೆ. ಆರಿಲೋವ ಎಂಬ ಬಡಾವಣೆಯ ಒಂದು ಸಣ್ಣ ಮನೆಯ ಮುಂದೆ ಕಾಕಾನ ಸ್ಕೂಟರು ನಿಂತಿತ್ತು. ತಪ್ಪಾಗಲು ಸಾಧ್ಯವೇ ಇಲ್ಲ, ಕಾಕೂ ತಮ್ಮ ಹಳೆಯ ಇಳಕಲ್ ಸೀರೆಯಿಂದ ಅದರ ಸೀಟಿಗೆ ಹೊದಿಕೆ ಹೊಲಿದು ಹಾಕಿದ್ದರು. ಜಗಲಿಯ ಮಂಚದ ಮೇಲೆ ಕಾಕಾ ಬರಿಗಾಲಲ್ಲಿ, ಸ್ವಂತ ಮನೆಯಲ್ಲಿ ಕುಳಿತ ಹಾಗೆ ಕುಳಿತಿದ್ದರು. ಒಬ್ಬ ಹೆಂಗಸು ಸ್ಟೀಲಿನ ಲೋಟ ಕೊಡುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಆಟೋ ಮುಂದೆ ಹೋಯಿತು. ನನ್ನ ಮನಸ್ಸು ಅಲ್ಲಿಯೇ ಉಳಿಯಿತು. ಮನೆಗೆ ಬರುವಷ್ಟರಲ್ಲಿ ಕಾಡು, ಚೌಕ, ಅನುಮತಿ ಪತ್ರ ಎಲ್ಲವೂ ಒಂದು ದೊಡ್ಡ ನೆಪವಾಗಿ ಕಾಣಿಸತೊಡಗಿತ್ತು.

ಆ ಸಂಜೆ ಕಾಕೂ ಎಂದಿನಂತೆ ಚಹಾ ಕೊಟ್ಟರು. ಕಾಕಾ ಎಂದಿನಂತೆ ಆ ದಿನದ ಮನೆಯ ಬಗ್ಗೆ ಹೇಳಿದರು. ಆಳೆತ್ತರದ ಹುತ್ತ, ಅದರ ಪಕ್ಕ ಉದುರಿದ ನವಿಲುಗರಿ... ನಾನು ಅವರ ಬಾಯಿ ನೋಡುತ್ತಿದ್ದೆ. ಎಷ್ಟು ಸಲೀಸಾಗಿ ಸುಳ್ಳು ಬರುತ್ತದೆ ಈ ಮನುಷ್ಯನಿಗೆ ಎಂದುಕೊಂಡೆ. ಕಾಕೂ ಅವರ ಮುಖ ನೋಡಿ ಮರುಗಿದೆ. ಪಾಪ, ನಂಬಿ ಕೂತಿದ್ದಾರೆ ಎಂದು.

ಇದಾದ ಕೆಲವು ತಿಂಗಳಿಗೆ ಕಾಕಾ ತಾವಾಗಿ ನನ್ನ ಮನೆಗೆ ಇಳಿದು ಬಂದರು. ಕೈಯಲ್ಲಿ ಸುರುಳಿ. ಊಟದ ಮೇಜಿನ ಮೇಲೆ ಅದನ್ನು ಹರಡಿ ನಾಲ್ಕು ಮೂಲೆಗೆ ನನ್ನ ಉಪ್ಪಿನಕಾಯಿ ಬಾಟಲಿ, ಸಕ್ಕರೆ ಡಬ್ಬಿ, ಎರಡು ಲೋಟ ಇಟ್ಟರು. ಕಾಡಿನ ನಕಾಶೆ. ಅಚ್ಚುಕಟ್ಟಾದ ಗೆರೆಗಳು, ಚೌಕಗಳಲ್ಲಿ ಹಸಿರು ಶಾಯಿಯ ಗುರುತು.

"ಎಲ್ಲಾ ಮುಗೀತು," ಎಂದರು. "ಒಂದ ಒಂದು ಮನಿ ಉಳದದ ನೋಡು." ಹಾಗೆಂದು ನನ್ನ ಮುಖ ನೋಡಿ ಒಂದು ಥರಾ ನಕ್ಕರು.

ನಾನು ನೋಡಿದ್ದೇ ಬೇರೆ. ಎಂಬತ್ತೈದು ಗುರುತೂ ಒಂದೇ ಶಾಯಿ, ಒಂದೇ ಒತ್ತು, ಒಂದೇ ಓರೆ. ತಿಂಗಳುಗಟ್ಟಲೆ ಮಾಡಿದ ಕೆಲಸದ ಗುರುತು ಹಾಗಿರುವುದಿಲ್ಲ. ಒಂದು ದಿನ ಪೆನ್ನು ಬದಲಾಗುತ್ತದೆ, ಇನ್ನೊಂದು ದಿನ ಕೈ ದಣಿದಿರುತ್ತದೆ. ತಪಾಸಣೆಯ ಹಿಂದಿನ ದಿನ ಕುಳಿತು ಒಟ್ಟಿಗೆ ತುಂಬಿಸಿದ ರಿಜಿಸ್ಟರುಗಳನ್ನು ನಾನು ಎಷ್ಟೋ ಶಾಖೆಗಳಲ್ಲಿ ಹಿಡಿದಿದ್ದೆ. ಇದು ಥೇಟ್ ಹಾಗೇ ಇತ್ತು. ಸಾಲದ್ದಕ್ಕೆ ಆ ಖಾಲಿ ಉಳಿದ ಚೌಕ. ಅದು ಗೇಟು ಇರುವ ಚೌಕ! ಗೇಟು ದಾಟದೆ ಕಾಡಿನೊಳಗೆ ಹೋದವರುಂಟೇ? ಎಂಬತ್ತೈದು ಮನೆ ಸುತ್ತಿದವರು ಹೊಸ್ತಿಲನ್ನೇ ತುಳಿದಿಲ್ಲ ಎಂದರೆ ಏನರ್ಥ? ಕಳ್ಳ ಎಲ್ಲವನ್ನೂ ಸರಿಮಾಡಿ ಒಂದು ಕಡೆ ಮರೆಯುತ್ತಾನೆ ಎಂದು ನಮ್ಮ ಮೇಲಧಿಕಾರಿ ಹೇಳುತ್ತಿದ್ದರು. ಇದೇ ಆ ಮರೆವು ಎಂದುಕೊಂಡೆ. "ಚೆನ್ನಾಗಿದೆ ಕಾಕಾ" ಎಂದಷ್ಟೇ ಹೇಳಿದೆ. ಅವರು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು, ನಾನು ಮತ್ತೇನೋ ಹೇಳಲಿ ಎಂಬಂತೆ. ಆಮೇಲೆ ಸುರುಳಿ ಸುತ್ತಿಕೊಂಡು ಮೇಲೆ ಹೋದರು.

ಅದರ ಮರುದಿನ ಕಾಕಾ ಇಲ್ಲದ ಹೊತ್ತು ನೋಡಿ ನಾನು ಕಾಕೂ ಹತ್ತಿರ ಹೋದೆ. ನಾಲ್ಕು ವಿಷಯವನ್ನೂ ಕ್ರಮವಾಗಿ ಹೇಳಿದೆ. ಮಣ್ಣಾಗದ ಚಪ್ಪಲಿ, ಆರಿಲೋವದ ಮನೆ, ಒಂದೇ ಶಾಯಿ, ಗೇಟಿನ ಚೌಕ. ಹೇಳುವಾಗ ಒಳಗೊಳಗೆ ಒಂದು ಖುಷಿಯಿತ್ತು ಎಂಬುದನ್ನು ಇಲ್ಲಿ ಮುಚ್ಚಿಡಬಾರದು. ಒಳ್ಳೆಯ ಕೇಸು ಹಿಡಿದಾಗ ಆಗುವ ಖುಷಿ. ಕಾಕೂ ಕೈಯಲ್ಲಿ ಬಿಡಿಸುತ್ತಿದ್ದ ಅವರೆಕಾಯಿ ಹಾಗೇ ಉಳಿಯಿತು.

"ಇದನ್ನ ಅವರನ್ನ ಕೇಳ್ಬೇಕಿತ್ತಲ್ಲವ್ವಾ," ಎಂದರು. "ನನಗ್ಯಾಕ ಹೇಳ್ತೀ?"

ನಾನು ಮೆಟ್ಟಿಲಿಳಿದು ಬಂದೆ. ಗಂಡನನ್ನು ಬಿಟ್ಟುಕೊಡದ ಹೆಂಗಸು ಎಂದು ಅವರ ಮೇಲೂ ಸಿಟ್ಟಾದೆ.

ಮುಂದಿನ ಭಾನುವಾರ ಕಾಕಾ ಕಾಡಿಗೆ ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಬೆಳಗಿನ ಹೊತ್ತು ಬಾಲ್ಕನಿಯಲ್ಲಿ ಅವರ ಕೆಮ್ಮು ಕೇಳುತ್ತಿತ್ತು. ನನಗೆ ಇನ್ನೇನು ಬೇಕು? ಸಿಕ್ಕಿಬಿದ್ದವರು ಹೀಗೆಯೇ ಒಮ್ಮೆಲೇ ಕೈ ಎತ್ತುತ್ತಾರೆ. ನಾನು ಚಹಾಕ್ಕೆ ಹೋಗುವುದನ್ನು ನಿಲ್ಲಿಸಿದೆ. ಮೆಟ್ಟಿಲ ಮೇಲೆ ಎದುರಾದರೆ ಕಾಕಾ ನಿಲ್ಲುತ್ತಿದ್ದರು. ನಾನು ಫೋನು ಕಿವಿಗಿಟ್ಟುಕೊಂಡು ಇಳಿದುಬಿಡುತ್ತಿದ್ದೆ.

ಆ ವರ್ಷವೇ ಅವರು ಮನೆ ಖಾಲಿ ಮಾಡಿ ಹುಬ್ಬಳ್ಳಿಗೆ ಹೊರಟರು. ಕಾಕೂ ಅವರ ತಂಗಿಯ ಮನೆಯ ಹತ್ತಿರ ಎಂದೋ ಮನೆ ತೆಗೆದುಕೊಂಡಿದ್ದರಂತೆ. ಲಾರಿ ತುಂಬುತ್ತಿದ್ದಾಗ ಕಾಕೂ ನನ್ನ ಬಾಗಿಲಿಗೆ ಬಂದು ಈ ಕೊಳವೆ ಕೊಟ್ಟರು.

"ಇದು ನಿನಗಂತ. ಡಾಂಬರ ಗುಳಗಿ ಹಾಕೀನಿ, ಹುಳ ಹತ್ತೂದಿಲ್ಲ. ತಗದು ನೋಡವ್ವಾ."

ಅದೇ ಸುಳ್ಳು ನಕಾಶೆಯನ್ನು ಕಟ್ಟು ಹಾಕಿಸುವಂತೆ ಕೊಟ್ಟಿದ್ದಾರಲ್ಲ, ಎಂಥ ಧೈರ್ಯ ಎಂದುಕೊಂಡೆ. ಬಿಚ್ಚಲಿಲ್ಲ. ಬಟ್ಟೆಯ ಕೆಳಗೆ ತುರುಕಿಟ್ಟೆ. ಕೆಲವು ತಿಂಗಳಿಗೆ ನನಗೂ ವಿಜಯವಾಡಕ್ಕೆ ವರ್ಗವಾಯಿತು. ಕೊಳವೆ ಬಟ್ಟೆಯ ಜೊತೆಗೇ ಬಂತು. ಹೋದ ವರ್ಷ ವಿಶಾಖಪಟ್ಟಣದ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಕಾಕಾ ತೀರಿಕೊಂಡ ಸುದ್ದಿ ನೋಡಿದೆ. ಎಲ್ಲರೂ ಹಾಕಿದ ಹಾಗೆ ಎರಡು ಕೈ ಮುಗಿದ ಚಿತ್ರ ನಾನೂ ಹಾಕಿ ಒಂದು ಮೀಟಿಂಗಿಗೆ ಹೋದೆ.

ಕಳೆದ ತಿಂಗಳು ನೆಲದ ಮೇಲೆ ಕುಳಿತು ಕೊಳವೆ ಬಿಚ್ಚಿದಾಗ ಒಳಗೆ ಮೂರು ಕಾಗದಗಳಿದ್ದವು. ಒಂದು ನಾನು ನೋಡಿದ್ದ ಹಸಿರು ಶಾಯಿಯ ನಕಾಶೆ. ಇನ್ನೊಂದೂ ನಕಾಶೆಯೇ, ಆದರೆ ಚಿಂದಿಯಾದದ್ದು. ಮಡಿಕೆಗಳಲ್ಲಿ ಹರಿದು ಟೇಪು ಹಚ್ಚಿತ್ತು, ಬೆವರಿಗೋ ಮಳೆಗೋ ಗೆರೆಗಳು ಕದಡಿದ್ದವು. ಚೌಕಗಳಲ್ಲಿ ಪೆನ್ಸಿಲ್ಲು, ನೀಲಿ ಪೆನ್ನು, ಒಂದೆಡೆ ಇದ್ದಿಲಿನ ಗೀರು. ಜೊತೆಗೆ ಸಣ್ಣ ಅಕ್ಷರಗಳು. 'ಎರಡು ನವಿಲು.' 'ಮುಳ್ಳು, ಅಂಗಿ ಹರಿಯಿತು.' 'ಇಲ್ಲಿಂದ ಸಮುದ್ರ ಕಾಣುತ್ತದೆ.' ಬಹಳ ಚೌಕಗಳಲ್ಲಿ ಬರೀ ಇಷ್ಟು: 'ಏನೂ ಇಲ್ಲ. ಚೆನ್ನಾಗಿತ್ತು.'

ಮೂರನೆಯದು ಒಂದು ಹಾಳೆ. ಮೇಲೆ 'ತಪಾಸಣಾ ಆಕ್ಷೇಪಣೆಗಳಿಗೆ ಪ್ಯಾರಾವಾರು ಉತ್ತರ' ಎಂದು ಬರೆದು ಕೆಳಗೆ ಗೆರೆ ಎಳೆದಿತ್ತು. ಕಾಕಾನ ಕೆಟ್ಟ ಕೈಬರಹ. ನಾನು ಕಾಕೂಗೆ ಹೇಳಿದ್ದ ನಾಲ್ಕು ಮಾತು, ನಾನು ಹೇಳಿದ ಕ್ರಮದಲ್ಲೇ.

ಪ್ಯಾರಾ ಒಂದು, ಚಪ್ಪಲಿಗೆ ಮಣ್ಣಿಲ್ಲ. ಉತ್ತರ: ಕಾಡಿನಲ್ಲಿ ಸತ್ತ ಪ್ರಾಣಿ, ಸಗಣಿ ತುಳಿದ ಬೂಟು ಮನೆಯ ಹೊಸ್ತಿಲು ದಾಟಬಾರದೆಂದು ಮನೆಯವರ ಮಡಿ. ಆದ್ದರಿಂದ ಬೂಟನ್ನು ಕಾವಲುಗಾರರ ಮನೆಯಲ್ಲಿ ಇಡಲಾಗುತ್ತದೆ.

ಪ್ಯಾರಾ ಎರಡು, ಆರಿಲೋವದ ಮನೆ. ಉತ್ತರ: ಸದರಿ ಕಾವಲುಗಾರರ ಮನೆ. ಬೂಟು ಕಳಚುವ ಸ್ಥಳ. ಅವರ ಹೆಂಡತಿ ಮಜ್ಜಿಗೆ ಕೊಡುತ್ತಾರೆ, ಉಪ್ಪು ಜಾಸ್ತಿ.

ಪ್ಯಾರಾ ಮೂರು, ಒಂದೇ ಶಾಯಿ. ಉತ್ತರ: ಆಕ್ಷೇಪಣೆ ಸರಿಯಾಗಿದೆ. ಮೂಲ ಪ್ರತಿ ಕೊಳೆಯಾಗಿ ತೋರಿಸಲು ಯೋಗ್ಯವಿಲ್ಲದ್ದರಿಂದ, ಕೆಳಗಿನ ಮನೆಗೆ ತೋರಿಸುವ ಸಲುವಾಗಿ ಒಂದೇ ಮಧ್ಯಾಹ್ನ ಕುಳಿತು ಶುದ್ಧ ಪ್ರತಿ ಮಾಡಿದೆ. ಮೂಲ ಪ್ರತಿ ಲಗತ್ತಿಸಿದೆ.

ಇಷ್ಟು ಓದುವಾಗಲೂ ನನ್ನ ಹಾಳು ಬುದ್ಧಿ ಸುಮ್ಮನಿರಲಿಲ್ಲ. ಮೂಲ ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬೆವರಿನ ಕಲೆಯನ್ನು ಉಜ್ಜಿ ನೋಡಿದೆ. ಕಾವಲುಗಾರನನ್ನು ಒಂದು ಮಾತು ಕೇಳಿದ್ದರೆ ಆಗಿಂದಾಗಲೇ ಎಲ್ಲ ತಿಳಿಯುತ್ತಿತ್ತು ಎನ್ನುವುದು ಆಗ ಹೊಳೆಯಿತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ ಮೊದಲ ವಾರ ಹೇಳಿಕೊಡುವ ಪಾಠ ಅದು.

ಪ್ಯಾರಾ ನಾಲ್ಕು, ಗೇಟಿನ ಮನೆ ಖಾಲಿ. ಉತ್ತರ: ಪ್ರತಿ ಭಾನುವಾರ ದಾಟಿದ್ದು ನಿಜ. ಆದರೂ ಗುರುತು ಹಾಕಿಲ್ಲ. ಉಬ್ಬಸವಿರುವ ತಪಾಸಣಾಧಿಕಾರಿಯವರೊಂದಿಗೆ ಜಂಟಿ ತಪಾಸಣೆಗೆಂದು ಕಾಯ್ದಿರಿಸಿದೆ. ಏರು ಇಲ್ಲ. ಗೇಟಿನಿಂದ ಇನ್ನೂರ ಹತ್ತು ಹೆಜ್ಜೆ, ಎರಡು ಸಲ ಎಣಿಸಿದೆ. ನಡುವೆ ಕೂರಲು ಎರಡು ಕಡೆ ಕಟ್ಟೆ ಇದೆ. ದಿನಾಂಕ ತಿಳಿಸಿದಲ್ಲಿ ಹುಬ್ಬಳ್ಳಿಯಿಂದ ಬರಲಾಗುವುದು. ಅಲ್ಲಿಯವರೆಗೆ ಪ್ಯಾರಾ ತೆರೆದಿಡಲು ಕೋರಿಕೆ.

ಆ ಇಡೀ ನಕಾಶೆಯಲ್ಲಿ ಸುಳ್ಳು ಇದ್ದದ್ದು ಒಂದೇ ಕಡೆ. ಹೋದ ಮನೆಗೆ ಹೋಗಿಲ್ಲ ಎಂದು ಬಿಟ್ಟದ್ದು. ಅದನ್ನೂ ನನಗಾಗಿ ಬಿಟ್ಟದ್ದು. ನಾನು ಹಿಡಿದದ್ದು ಅದನ್ನೇ... ಅಳು ಬಂತು. ಬಾಗಿಲು ಹಾಕಿಕೊಂಡು ಚಿಕ್ಕ ಮಗುವಿನಂತೆ ಅತ್ತೆ. ಎದೆ ಕುಯ್ಯೆನ್ನತೊಡಗಿ ಇನ್‌ಹೇಲರ್ ಹುಡುಕಬೇಕಾಯಿತು.

ಮರುದಿನ ಹುಬ್ಬಳ್ಳಿಗೆ ಫೋನು ಮಾಡಿದೆ. ಕಾಕೂ ನನ್ನ ದನಿ ಗುರುತು ಹಿಡಿದರು. ಕೊಳವೆಯನ್ನು ನಿನ್ನೆಯಷ್ಟೇ ಬಿಚ್ಚಿ ನೋಡಿದೆ ಎಂದೆ.

"ಅವತ್ತ ನೋಡಿರ್ತೀ ಅಂತ ತಿಳದಿದ್ವಿ ನಾವು," ಎಂದರು ಕಾಕೂ. "ನೋಡಿನೂ ಸುಮ್ಮನಾದಿ ಅಂತ ಅವರು ತಿಳದ್ರು. ಆದ್ರೂ ಬಿಡಲಿಲ್ಲ ನೋಡು. ಟಪಾಲು ಬಂದಾಗೊಮ್ಮೆ ಕೇಳೂದು, ಕೆಳಗಿನ ಮನಿ ತಂಗಿ ಕಡಿಂದ ತಾರೀಖು ಬಂತೇನು ಅಂತ."

ನನ್ನನ್ನು ಬಯ್ಯಿರಿ ಎಂದೆ. ಅವರು ಬಯ್ಯಲಿಲ್ಲ. ಊಟ ಆಯಿತೇ ಎಂದು ಕೇಳಿದರು.

ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಬೆಳಗಿನ ರೈಲು ಹತ್ತಿದರೆ ಮಧ್ಯಾಹ್ನಕ್ಕೆ ಹೋಗಿ ಮುಟ್ಟಬಹುದು. ಇನ್ನೂರ ಹತ್ತು ಹೆಜ್ಜೆ ನನ್ನ ಉಬ್ಬಸಕ್ಕೂ ದೊಡ್ಡದಲ್ಲ. ಎರಡು ಸಲ ಟಿಕೆಟ್ ತೆಗೆದೆ, ಎರಡು ಸಲವೂ ರದ್ದು ಮಾಡಿದೆ. ಕಾಕಾ ಆ ಹಾಳೆಯ ಕೊನೆಯಲ್ಲಿ ಎರಡು ಸಹಿಗೆ ಜಾಗ ಬಿಟ್ಟಿದ್ದಾರೆ. ಎಡಗಡೆ ತಮ್ಮದನ್ನು ಹಾಕಿದ್ದಾರೆ. ಬಲಗಡೆ ನನ್ನ ಹುದ್ದೆ ಬರೆದು, ಸಹಿಯ ಜಾಗದಲ್ಲಿ ಪೆನ್ಸಿಲಿನಲ್ಲಿ ಒಂದು ತೆಳು ಗೆರೆ ಎಳೆದಿದ್ದಾರೆ. ಕೊಳವೆ ಈಗ ನನ್ನ ಮೇಜಿನ ಮೇಲಿದೆ. ಆ ವಾಸನೆ ಇನ್ನೂ ಹೋಗಿಲ್ಲ. ಹೋಗುವುದು ನನಗೂ ಬೇಡ. ದಿನವೂ ಆ ಹಾಳೆ ತೆಗೆದು ಪೆನ್ನಿನ ಮುಚ್ಚಳ ಬಿಚ್ಚುತ್ತೇನೆ, ಮತ್ತೆ ಹಾಕುತ್ತೇನೆ. ಜಂಟಿ ತಪಾಸಣೆಗೆ ಇಬ್ಬರು ಬೇಕು.